ಒಂದು ಬೆರಳು ಕೆಳಗೆ

ಗಾಡಿಯನ್ನು ತಗ್ಗಿಸುವ ತನಕ ಅದರೊಳಗೆ ಕಾಲಿಡುವುದಿಲ್ಲ ಎಂದು ಅಮ್ಮ ಹಠ ಹಿಡಿದಾಗ ಅಕ್ಕನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಗಾಡಿ ತಗ್ಗಿಸಿದರೆ ಅದರೊಳಗೆ ಕಾಲಿಡುವುದಿಲ್ಲ ಎಂದು, ಇದೇ ಕುರ್ಚಿಯಲ್ಲಿ ಕೂತು, ಇದೇ ಊರುಗೋಲನ್ನು ನೆಲಕ್ಕೆ ಕುಟ್ಟಿ ರಂಪ ಮಾಡಿದ್ದವಳೂ ಇದೇ ಅಮ್ಮ.

ಆಗ ತಮ್ಮ ಇದ್ದ. ಕಾರು ಅವನದು. ಅದು ಎತ್ತರಕ್ಕೆ ನಿಂತಿರುವುದು ಅವನ ಕಣ್ಣಿಗೆ ಸೇರುತ್ತಿರಲಿಲ್ಲ. ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಇಷ್ಟಗಲ ಸಂದು ಬಿಟ್ಟುಕೊಂಡು, ಮೊಣಕಾಲ ತನಕ ಪಂಚೆ ಎತ್ತಿಕೊಂಡು ಕೆಸರು ದಾಟುವವನ ಹಾಗೆ ಕಾಣುತ್ತದೆ ಎಂದು ಅವನೇ ತನ್ನ ಗಾಡಿಯನ್ನು ಆಡಿಕೊಳ್ಳುತ್ತಿದ್ದ. ಗಿಡ್ಡ ಸ್ಪ್ರಿಂಗ್ ಹಾಕಿಸಿ ಎರಡು ಬೆರಳು ಕೆಳಗಿಳಿಸಬೇಕು, ಅಷ್ಟೇ ಅವನ ಆಸೆ.

"ಇಳಿಸು, ಇಳಿಸು," ಎಂದಿದ್ದಳು ಅಮ್ಮ. "ನನ್ನ ಸೊಂಟ ಏನು ಕಬ್ಬಿಣದ್ದು ಅಂದ್ಕೊಂಡಿದ್ಯಾ? ನೀನು ಆ ಗಾಡಿ ಇಳಿಸಿದ್ರೆ ನನ್ನ ಹೆಣ ಕೂಡ ಅದರಲ್ಲಿ ಕೂರಲ್ಲ."

ಮಾತು ಆಡಿದರೆ ಹೋಯಿತು. ತಮ್ಮ ನಕ್ಕು ಸುಮ್ಮನಾದ, ಗಾಡಿ ಎತ್ತರದಲ್ಲೇ ಉಳಿಯಿತು. ಆಮೇಲೆ ಅವನಿಗೆ ಕಾಯಿಲೆ ಬಂತು. ಒಳಗೊಳಗೇ ಬಲಿತ ಕಾಯಿಲೆ, ಬಂದದ್ದು ಗೊತ್ತಾಗುವ ಹೊತ್ತಿಗೆ ಮನೆ ಮಾಡಿಕೊಂಡು ಕೂತಿತ್ತು. ಸ್ಟೇರಿಂಗ್ ಹಿಡಿಯುತ್ತಿದ್ದವನು ಹಿಂದಿನ ಸೀಟಿಗೆ ಬಂದ. ಅಕ್ಕ ಗಾಡಿ ಓಡಿಸಿದಳು, ಅವಳ ಬೆನ್ನ ಹಿಂದಿನ ಸೀಟಿನಲ್ಲಿ ಅವನು, ಅವನ ಪಕ್ಕದಲ್ಲಿ ಅಮ್ಮ. ಕೊನೆಕೊನೆಗೆ ಕೂರಲೂ ಆಗದೆ ಅವನು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ಆಸ್ಪತ್ರೆಯ ಉದ್ದ ಗೋಡೆಯ ಪಕ್ಕದ ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಅಮ್ಮ ಪಿಸುಗುಟ್ಟುತ್ತಿದ್ದಳು: "ನಿಧಾನ ಹೋಗೇ. ಈಗಷ್ಟೇ ನಿದ್ದೆ ಹತ್ತಿದೆ."

ಅಕ್ಕ ಅನ್ನುವ ಹೆಸರು ಅವನದೇ ಬಾಯಿಂದ ಬಂದದ್ದು. ಅವನು ಕರೆದು ಕರೆದು ಅಮ್ಮನಿಗೂ, ಬೀದಿಗೂ, ಕೊನೆಗೆ ಅವಳು ಪರದೆ ಹೊಲಿಯುವ ಅಂಗಡಿಯ ಬೋರ್ಡಿಗೂ ಅವಳು ಅಕ್ಕನೇ ಆಗಿಬಿಟ್ಟಿದ್ದಳು. ಈಗ ಕರೆಯುತ್ತಿದ್ದವನು ಇಲ್ಲ. ಹೆಸರು ಮಾತ್ರ ಬೋರ್ಡಿನ ಮೇಲೆ ಬಿಸಿಲು ಕಾಯುತ್ತಿತ್ತು.

ಮಗ ಹೋದ ಮೇಲೆ ಅಮ್ಮನ ಸೊಂಟ ಪೂರ್ತಿ ಕೈಕೊಟ್ಟಿತು. ಬಲಗಾಲು ಜೋಮು ಹಿಡಿಯತೊಡಗಿತು. ಫಿಸಿಯೋಥೆರಪಿಯವಳು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: ವಾರ ವಾರ ತಪ್ಪದೆ ಬಂದು ವ್ಯಾಯಾಮ ಮಾಡಿಸಿಕೊಂಡರೆ ಸರಿ, ಇಲ್ಲದಿದ್ದರೆ ಈ ಕಾಲು ಇನ್ನೊಂದು ವರ್ಷಕ್ಕೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಬಾಡಿಗೆ ಕಾರು ತರಿಸಿದರೆ ಅಮ್ಮ ಹತ್ತುವುದಿಲ್ಲ. "ಮನೇಲಿ ಗಾಡಿ ಇಟ್ಕೊಂಡು ಬಾಡಿಗೆ ಗಾಡೀಲಿ ಹೋಗ್ಬೇಕಾ?" ಮನೆಯ ಗಾಡಿಯನ್ನು ತೆಗೆದರೆ ಅದಕ್ಕೂ ಹತ್ತುವುದಿಲ್ಲ.

"ಅವನ ಆಸೆ ಮೊದಲು ಆಗ್ಲಿ. ನನ್ನ ಮಾತು ಕೇಳಿ ತಾನೇ ಅವನು ಬಿಟ್ಟದ್ದು? ಇಳಿಸು. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ಇಳಿಸಿದರೆ ಗಾಡಿ ಗಟ್ಟಿಯಾಗಿ ಸೊಂಟ ಹೋಗುತ್ತದೆ, ಇಳಿಸದಿದ್ದರೆ ಅಮ್ಮ ಹತ್ತದೆ ಕಾಲು ಹೋಗುತ್ತದೆ. ಅತ್ತ ದರಿ ಇತ್ತ ಪುಲಿ. ಅಕ್ಕ ತಲೆಯ ಮೇಲೆ ಕೈ ಹೊತ್ತು ಗಾಡಿಯ ಮುಂದೆ ನಿಂತಳು. ನಿಂತಾಗ ಅವಳ ಕಣ್ಣಿಗೆ ಬಿದ್ದದ್ದು ಬೇರೆಯೇ ಒಂದು ಸಂಗತಿ.

ಪರದೆ ಹೊಲಿಯುವವಳ ಕಣ್ಣು ಅದು, ಅಂಚು ವಾರೆಯಾದರೆ ಬಾಗಿಲಾಚೆಯಿಂದಲೇ ಹಿಡಿಯುತ್ತದೆ. ಗಾಡಿ ಒಂದು ಮೂಲೆಯಲ್ಲಿ ಕುಸಿದಿತ್ತು. ಅಕ್ಕ ಬಗ್ಗಿ ಚಕ್ರದ ಮೇಲಿನ ಸಂದಿಗೆ ಬೆರಳು ತೂರಿಸಿ ನೋಡಿದಳು. ಅಮ್ಮ ಕೂರುವ ಬದಿಯಲ್ಲಿ ನಾಲ್ಕು ಬೆರಳು ಸಲೀಸಾಗಿ ಹೋದವು. ಡ್ರೈವರ್ ಹಿಂದಿನ ಬದಿಯಲ್ಲಿ ಮೂರಕ್ಕೆ ಬಿಗಿಯಾಯಿತು. ಗಾಡಿಯೊಳಗೆ ಯಾರೂ ಇರಲಿಲ್ಲ. ಅವಳು ಕಿಟಕಿಯಿಂದ ಇಣುಕಿ ನೋಡಿದಳು, ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಎರಡು ಬೀದಿ ಆಚೆ ಗುಂಡಿ ಮೇಸ್ತ್ರಿಯ ಗ್ಯಾರೇಜು. ಗಾಡಿಯ ಕೆಳಗಿನ ಕೆಲಸಕ್ಕೆ ಅವನನ್ನು ಬಿಟ್ಟರಿಲ್ಲ ಎಂಬ ಹೆಸರು. ಗ್ಯಾರೇಜಿನ ಮುಂದೆ ರಸ್ತೆಯಲ್ಲಿ ಒಂದು ಗುಂಡಿಯಿದೆ. ಸ್ಪ್ರಿಂಗ್ ಹಾಕಿದ ಗಾಡಿಯನ್ನೆಲ್ಲ ಅವನು ಅದರಲ್ಲಿ ಇಳಿಸಿ ಹತ್ತಿಸಿ ಪರೀಕ್ಷೆ ಮಾಡುತ್ತಾನೆ. ರಸ್ತೆ ರಿಪೇರಿಯವರು ಬಂದಾಗಲೆಲ್ಲ ಅವರನ್ನು ಕೂರಿಸಿ ಉಪಚಾರ ಮಾಡಿ, ಆ ಗುಂಡಿಯೊಂದನ್ನು ಬಿಟ್ಟು ಮಿಕ್ಕದ್ದನ್ನು ಮುಚ್ಚಿಸಿ ಕಳಿಸುತ್ತಾನಂತೆ. ಅದನ್ನು ತೋಡಿದವನೂ ಅವನೇ ಎನ್ನುವವರಿದ್ದಾರೆ. ಕೇಳಿದರೆ, "ದೇವರು ಕೊಟ್ಟ ಗುಂಡಿ," ಎನ್ನುತ್ತಾನೆ.

"ಇಳಿಸ್ಬೇಕು, ಆದ್ರೆ ಸೊಂಟ ನೋಯಬಾರ್ದು," ಎಂದು ಅಕ್ಕ ಹೇಳಿದಾಗ ಅವನು ಹುಬ್ಬೇರಿಸಿದ.

"ಎತ್ತು ಏರಿಗೆ, ಕೋಣ ನೀರಿಗೆ. ಕೇಳಿ ಮೇಡಂ, ಗಿಡ್ಡ ಸ್ಪ್ರಿಂಗಿಗೆ ಕುಗ್ಗೋಕೆ ಜಾಗ ಕಮ್ಮಿ. ಮೆತ್ತಗಿದ್ರೆ ಗಾಡಿ ಹೊಟ್ಟೆ ನೆಲಕ್ಕೆ ಉಜ್ಜುತ್ತೆ. ಉಜ್ಜಬಾರ್ದು ಅಂತ ಗಟ್ಟಿ ಹಾಕಿದ್ರೆ ಕೂತೋರು ಉಪ್ಪಿನ ಮೂಟೆ ಕುಕ್ಕಿದಂಗೆ ಕುಕ್ಕಿಸ್ಕೋತಾರೆ."

ಅವನು ಬೆಂಚಿನ ಮೇಲೆ ಎರಡು ಜೊತೆ ಸ್ಪ್ರಿಂಗ್ ಇಟ್ಟ. ಒಂದು ಜೊತೆ ದಪ್ಪ ಕಂಬಿಯದು, ಕೈಯಲ್ಲಿ ಒತ್ತಿದರೆ ಅಲ್ಲಾಡುವುದಿಲ್ಲ. ಇನ್ನೊಂದರ ಸುತ್ತುಗಳು ಮೇಲುಗಡೆ ಒತ್ತೊತ್ತಾಗಿ, ಕೆಳಗಡೆ ಬಿಡಿಬಿಡಿಯಾಗಿ ಇದ್ದವು. ಇದು ಮೊದಲು ಕುಗ್ಗುತ್ತದೆ, ಭಾರ ಹೆಚ್ಚಾದ ಹಾಗೆ ಬಿಗಿಯಾಗುತ್ತದೆ, ಸೊಂಟದವರಿಗೆ ಇದೇ ಸರಿ ಎಂದ. ಆದರೆ ಹಿಂದೆ ಎಷ್ಟು ಭಾರ ಕೂರುತ್ತದೆ ಎಂದು ತಿಳಿಯದೆ ಅವನು ಹಾಕುವವನಲ್ಲ. ಖಾಲಿ ಗಾಡಿಯ ಅಳತೆ ಅವನಿಗೆ ಅಳತೆಯೇ ಅಲ್ಲ. ಮನೆಯವರೆಲ್ಲ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರಬೇಕು. ಬರಲಾಗದವರ ಬದಲಿಗೆ ಅವರ ತೂಕದ ಮರಳು ಚೀಲ ಕೂರಬೇಕು. ಇದು ಅವನ ಕಟ್ಟಳೆ.

ಅಮ್ಮ ಗೋಡೆ ಹಿಡಿದು, ಕೋಲು ಊರಿ, ನಡೆದೇ ಬಂದಳು. "ಅಳತೆಗೆ ಕೂರ್ತೀನಿ, ಪ್ರಯಾಣಕ್ಕಲ್ಲ," ಎಂದು ಮೊದಲೇ ಷರತ್ತು ಹಾಕಿ ಸೀಟಿಗೆ ಜಾರಿಕೊಂಡಳು. ಅಕ್ಕ ಸ್ಟೇರಿಂಗ್ ಮುಂದೆ ಕೂತಳು.

"ತಾಯಿ, ನಿಮ್ಮ ಪಕ್ಕ ಯಾರು?"

"ನನ್ನ ಮಗ."

"ಅವ್ರು ಬರಲ್ವಾ?"

"ಬರೋಕಾಗಲ್ಲ ಅವನಿಗೆ."

"ತೂಕ?"

"ಎಪ್ಪತ್ತೆರಡು," ಎಂದಳು ಅಮ್ಮ, ಮಗ ಪಕ್ಕದ ಅಂಗಡಿಗೆ ಹೋಗಿದ್ದಾನೆ ಎನ್ನುವ ದನಿಯಲ್ಲಿ.

ಅಕ್ಕನ ಬಾಯಿ ತೆರೆಯಿತು. ಹೇಳಬೇಕಿತ್ತು, ಅಲ್ಲೇ, ಆಗಲೇ. ಆದರೆ ಕನ್ನಡಿಯಲ್ಲಿ ಕಂಡ ಅಮ್ಮನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಸಮಾಧಾನ ಕೂತಿತ್ತು. ಅದನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಎಪ್ಪತ್ತೆರಡು ಎಂದರೆ ಗಟ್ಟಿಮುಟ್ಟಾಗಿದ್ದಾಗಿನ ತಮ್ಮ. ಕೊನೆಯ ತಿಂಗಳಲ್ಲಿ ಅವನನ್ನು ಗಾಡಿಯಿಂದ ಹಾಸಿಗೆಗೆ ಎತ್ತಿ ಒಯ್ಯುತ್ತಿದ್ದವಳು ಅಕ್ಕ. ಪರದೆ ಬಟ್ಟೆಯ ಸುರುಳಿ ಎತ್ತಿ ಅಭ್ಯಾಸವಿದ್ದ ಕೈಗೆ ಅವನು ಭಾರವೇ ಅನ್ನಿಸಿರಲಿಲ್ಲ. ಒಂದು ದಿನ ಅವನನ್ನು ಎತ್ತಿಕೊಂಡೇ ಬಚ್ಚಲಿನ ತೂಕದ ಯಂತ್ರದ ಮೇಲೆ ನಿಂತು, ತನ್ನ ತೂಕ ಕಳೆದು ನೋಡಿದ್ದಳು. ನಲವತ್ತೊಂದು. ಆ ಸಂಖ್ಯೆಯನ್ನು ಅವಳು ಡಾಕ್ಟರಿಗೂ ಹೇಳಲಿಲ್ಲ, ಅಮ್ಮನಿಗಂತೂ ಇಲ್ಲವೇ ಇಲ್ಲ.

ಮೇಸ್ತ್ರಿ ಎಪ್ಪತ್ತೆರಡು ಕಿಲೋ ಮರಳಿನ ಚೀಲ ಹೊತ್ತು ತಂದು ಅಮ್ಮನ ಪಕ್ಕದಲ್ಲಿ ಕೂರಿಸಿದ. ಕೀಲಿ ತಿರುಗಿಸುತ್ತಲೇ, ಯಾರೋ ಬೆಲ್ಟ್ ಹಾಕಿಲ್ಲ ಎಂದು ಗಾಡಿ ಟಿಣ್ ಟಿಣ್ ಅಂದಿತು. ಅಮ್ಮ ಕೈ ಚಾಚಿ ಚೀಲದ ಸುತ್ತ ಬೆಲ್ಟ್ ಎಳೆದು ಬಿಗಿದಳು. ಬಿಗಿದು, ಚೀಲದ ಭುಜ ಇರಬೇಕಾದ ಕಡೆ ಒಮ್ಮೆ ತಟ್ಟಿದಳು. "ಶಿಸ್ತಿನ ತಾಯಿ," ಎಂದು ಮೇಸ್ತ್ರಿ ಮೆಚ್ಚಿಕೊಂಡ. ಇಷ್ಟು ಭಾರಕ್ಕೆ ಮೆತ್ತನೆಯದು ತಾಳುವುದಿಲ್ಲ, ಹೊಟ್ಟೆ ಉಜ್ಜುತ್ತದೆ ಎಂದು ಹೇಳಿ, ಮುಂದಕ್ಕೆ ಮಾಮೂಲಿ ಗಿಡ್ಡ ಸ್ಪ್ರಿಂಗ್, ಹಿಂದಕ್ಕೆ ದಪ್ಪ ಕಂಬಿಯ ಜೊತೆಯನ್ನೇ ಹಾಕಿದ.

ಗಾಡಿ ಎರಡು ಬೆರಳು ಕೆಳಗಿಳಿದು ಮನೆಗೆ ಬಂತು. ಅಮ್ಮ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಲಕ್ಷಣವಾಗಿದೆ ಕಣೇ. ಸುಮ್ನೆ ಬೈದೆ ಅವನಿಗೆ," ಎಂದಳು. ಮಾತು ಕೊಟ್ಟ ಹಾಗೆ ಹತ್ತಿದಳು ಕೂಡ.

ಆದರೆ ಆ ಪ್ರಯಾಣ ಶತ್ರುವಿಗೂ ಬೇಡ. ರಸ್ತೆಯ ಮೇಲಿನ ಒಂದೊಂದು ಕಲ್ಲೂ ಸೀಟಿನಿಂದ ಬೆನ್ನಿಗೆ ಹತ್ತುತ್ತಿತ್ತು. ಹಂಪ್ ದಾಟುವಾಗ ಅಮ್ಮ ಹಲ್ಲು ಕಚ್ಚಿ ಕಿಟಕಿಯ ಮೇಲಿನ ಹಿಡಿ ಹಿಡಿದುಕೊಳ್ಳುತ್ತಿದ್ದಳು. "ನೋಯ್ತಿದ್ಯಾ?" ಎಂದರೆ, "ನಿನಗ್ಯಾಕೆ? ರಸ್ತೆ ನೋಡು," ಎನ್ನುವಳು.

ಆಸ್ಪತ್ರೆಯ ಗೋಡೆಯ ಪಕ್ಕದ ರಸ್ತೆಗೆ ಬಂದಾಗ, ಹಾಡುಹಗಲಲ್ಲೇ, ಟಿಣ್ ಟಿಣ್ ಶುರುವಾಯಿತು. ಅಕ್ಕ ತನ್ನ ಬೆಲ್ಟ್ ನೋಡಿಕೊಂಡಳು, ಹಾಕಿತ್ತು. ಕನ್ನಡಿಯಲ್ಲಿ ಅಮ್ಮನದು ನೋಡಿದಳು, ಹಾಕಿತ್ತು. ಮುಂದಿನ ಫಲಕದಲ್ಲಿ ಉರಿಯುತ್ತಿದ್ದ ಕೆಂಪು ಚುಕ್ಕೆ ಅವಳ ಬೆನ್ನ ಹಿಂದಿನ ಸೀಟಿನದು. ಖಾಲಿ ಸೀಟಿಗೆ ಈ ಗಾಡಿ ಯಾವತ್ತೂ ಕೂಗಿಕೊಂಡದ್ದಿಲ್ಲ. ಹಿಂದೆ ಅಮ್ಮ ಕೈ ಚಾಚಿ, ಖಾಲಿ ಸೀಟಿನ ಬೆಲ್ಟ್ ಎಳೆದು, ಕಟಕ್ ಎಂದು ಸಿಕ್ಕಿಸಿದಳು. ಸದ್ದು ನಿಂತಿತು.

"ಮರೀತಾನೆ ಯಾವಾಗ್ಲೂ," ಎಂದಳು ಅಮ್ಮ.

ಮನೆಗೆ ಬಂದು, ಅಮ್ಮ ಒಳಗೆ ಹೋದ ಮೇಲೆ, ಅಕ್ಕ ಬಗ್ಗಿ ಚಕ್ರದ ಸಂದಿಗೆ ಬೆರಳಿಟ್ಟಳು. ಎಲ್ಲ ಕಡೆ ಎರಡು ಬೆರಳು. ಡ್ರೈವರ್ ಹಿಂದಿನ ಮೂಲೆಯಲ್ಲಿ ಒಂದೇ. ಹಳೆಯ ಸ್ಪ್ರಿಂಗ್ ಸೋತಿರಬೇಕು ಎಂದುಕೊಂಡಿದ್ದಳು, ಈಗ ಸ್ಪ್ರಿಂಗ್ ಹೊಸದು, ಕಲ್ಲಿನಂಥದು. ಆದರೂ ಆ ಮೂಲೆ ಒಂದು ಬೆರಳು ಕೆಳಗೇ ಇತ್ತು. ಅವಳಿಗೆ ನಿಜವಾಗಿ ಭಯವಾಯಿತು. ಭಯದ ಜೊತೆಗೆ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಆಸೆಯೂ ಆಯಿತು. ಖಾಲಿ ಗಾಡಿಯ ಹಿಂದಿನ ಬಾಗಿಲು ತೆರೆದು, "ಏನೋ?" ಎಂದು ಕೇಳಿ, ಸ್ವಲ್ಪ ಹೊತ್ತು ಕಾದಳು.

ಹೀಗೇ ಕೆಲವು ವಾರ ಕಳೆದವು. ಅಮ್ಮ ದೂರಲಿಲ್ಲ. ಆದರೆ ಗಾಡಿಯಿಂದ ಇಳಿದ ಮೇಲೆ ನಿಂತುಕೊಳ್ಳಲು ಬಾಗಿಲು ಹಿಡಿಯುತ್ತಿದ್ದವಳು, ಆಮೇಲೆ ಅಕ್ಕನ ತೋಳು ಹಿಡಿದಳು, ಆಮೇಲೆ ಎರಡೂ ಹಿಡಿದಳು. ಒಂದು ದಿನ ಫಿಸಿಯೋಥೆರಪಿಯವಳು ಅಕ್ಕನನ್ನು ಹೊರಗೆ ಕರೆದು ಸಿಡುಕಿದಳು: "ನಾನಿಲ್ಲಿ ಅರ್ಧ ಗಂಟೆ ಮಾಡಿದ್ದನ್ನ ನೀವು ದಾರೀಲಿ ಹತ್ತು ನಿಮಿಷದಲ್ಲಿ ಹಾಳು ಮಾಡ್ತಿದ್ದೀರಿ. ಎಂಥ ಗಾಡಿ ಅದು? ಹೀಗೇ ಆದ್ರೆ ಕಾಲು ಉಳಿಯಲ್ಲ, ನಾನು ಜವಾಬ್ದಾರಿ ಅಲ್ಲ."

ಅಕ್ಕ ಅಮ್ಮನನ್ನು ಮನೆಗೆ ಬಿಟ್ಟು ನೇರ ಗ್ಯಾರೇಜಿಗೆ ಹೋಗಿ, ಮೇಸ್ತ್ರಿಯ ಮುಂದೆ ನಿಂತು, ತಮ್ಮ ತೀರಿಕೊಂಡಿದ್ದಾನೆ ಎಂದು ಹೇಳಿಬಿಟ್ಟಳು.

ಮೇಸ್ತ್ರಿಯ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. "ಸತ್ತೋದವರಾ? ಸತ್ತೋದವರ ತೂಕ ಹಿಡಿದು ನನ್ನ ಕೈಲಿ ಸ್ಪ್ರಿಂಗ್ ಹಾಕಿಸಿದ್ರಾ? ಏನ್ ಮೇಡಂ ನೀವು! ಇಪ್ಪತ್ತು ವರ್ಷದಲ್ಲಿ ಜನ ತೂಕ ಕಮ್ಮಿ ಹೇಳಿದ್ದು ನೋಡಿದ್ದೀನಿ. ಹೆಂಗಸರೂ ಹೇಳಿದ್ದಾರೆ, ಗಂಡಸರೂ ಹೇಳಿದ್ದಾರೆ. ಇಲ್ಲದೇ ಇರೋರ ತೂಕ ಹೇಳಿದ್ದು ಇದೇ ಮೊದಲು." ಗೊಣಗುತ್ತಲೇ ಜಾಕ್ ತಂದ. "ಇಬ್ಬರೇ ಅಂದ್ರೆ ಮೆತ್ತನೇದೇ ಸಾಕಿತ್ತು. ತೆಗೀರಿ, ಬದಲಾಯಿಸೋಣ."

"ಆ ಮೂಲೆ ಒಂದು ಬೆರಳು ಕೆಳಗಿದೆ," ಎಂದಳು ಅಕ್ಕ ಮೆಲ್ಲಗೆ.

"ಆಗಲ್ಲ."

"ನೋಡಿ."

ಅವನು ನೋಡಿದ. ಚಕ್ರದ ಗಾಳಿ ಅಳೆದ. ನೆಲ ವಾರೆಯಿದೆಯೇ ಎಂದು ಗಾಡಿಯನ್ನು ತಿರುಗಿಸಿ ನಿಲ್ಲಿಸಿದ. ಕೊನೆಗೆ ಎರಡು ಸ್ಪ್ರಿಂಗನ್ನೂ ಬಿಚ್ಚಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ. ಸ್ಪ್ರಿಂಗಿನ ದೋಷವಾಗಿದ್ದರೆ ತಗ್ಗು ಈಗ ಆಚೆ ಬದಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅದೇ ಮೂಲೆ, ಅದೇ ಒಂದು ಬೆರಳು.

ಅವನು ಒಂದು ಖಾಲಿ ಚೀಲ ತೆಗೆದುಕೊಂಡು ಅಮ್ಮ ಕೂರುವ ಸೀಟಿನಲ್ಲಿ ಇಟ್ಟು, ಅದಕ್ಕೆ ತಟ್ಟೆ ತಟ್ಟೆಯಾಗಿ ಮರಳು ಸುರಿಯತೊಡಗಿದ. ಸುರಿದು, ಇಳಿದು, ಎರಡೂ ಬದಿ ಬೆರಳಿಟ್ಟು ನೋಡುವುದು. ಮತ್ತೆ ಸುರಿಯುವುದು. ತಕ್ಕಡಿಯ ಒಂದು ತಟ್ಟೆಯಲ್ಲಿ ಇರುವುದನ್ನು ಇನ್ನೊಂದರಿಂದ ತೂಗುವ ಹಾಗೆ ತೂಗಿದ. ಎರಡು ಬದಿಯೂ ಸಮವಾದಾಗ ಚೀಲದ ಬಾಯಿ ಕಟ್ಟಿ, ಹೊತ್ತು ತಂದು ತೂಕದ ಯಂತ್ರದ ಮೇಲೆ ಇಟ್ಟ.

"ನಲವತ್ತೊಂದು," ಎಂದ.

ಅಕ್ಕ ಪಕ್ಕದಲ್ಲಿದ್ದ ಟೈರುಗಳ ಮೇಲೆ ಕೂತಳು. ಅವಳು ಆ ಸಂಖ್ಯೆಯನ್ನು ಅವನಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅವಳ ಮುಖ ನೋಡಿದ ಮೇಸ್ತ್ರಿಗೆ ಏನು ಅರ್ಥವಾಯಿತೋ, ಒಂದು ಲೋಟ ನೀರು ತಂದುಕೊಟ್ಟು ತಾನೂ ಎದುರಿಗೆ ಕೂತ.

"ನಾನು ಇದನ್ನ ಯಾರ ಮುಂದೂ ಬಾಯಿ ಬಿಡಲ್ಲ ಮೇಡಂ. ಬಿಟ್ರೆ ನನ್ನ ಗ್ಯಾರೇಜಿಗೆ ನರಪಿಳ್ಳೆ ಬರಲ್ಲ. ಆದ್ರೆ ಎಪ್ಪತ್ತೆರಡಕ್ಕೆ ಹಾಕಿದ್ದು ಉಳಿದ್ರೆ ತಾಯಿ ಸೊಂಟ ಉಳಿಯಲ್ಲ. ಅವ್ರು ಒಪ್ಪಬೇಕು. ಅವ್ರನ್ನ ಕೇಳದೆ ನಾನು ಬದಲಾಯಿಸಲ್ಲ."

ಮರುದಿನ ಅಮ್ಮ ಬಂದಳು. ಈ ಸಲ ಗೋಡೆ ಮತ್ತು ಕೋಲು ಸಾಲದೆ ಅಕ್ಕನ ಹೆಗಲೂ ಬೇಕಾಯಿತು. ಮೇಸ್ತ್ರಿ ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ.

"ಮೆತ್ತನೇದು ಯಾಕೆ? ಇದು ಚೆನ್ನಾಗೇ ಇದೆ."

"ಇಷ್ಟು ಗಟ್ಟಿ ಬೇಡ ತಾಯಿ. ಅಷ್ಟು ಭಾರ ಇಲ್ಲ ಹಿಂದೆ."

"ಯಾಕಿಲ್ಲ? ನನ್ನ ಮಗ ಎಪ್ಪತ್ತೆರಡು ಕಿಲೋ."

ಮೇಸ್ತ್ರಿ ತಲೆ ತಗ್ಗಿಸಿದ. ಅಕ್ಕ ಮುಂದೆ ಬಂದಳು. ಇಷ್ಟು ದಿನ ಬಚ್ಚಿಟ್ಟಿದ್ದದ್ದು ಈಗ ಅಳುವಿನ ಜೊತೆ ಒಟ್ಟಿಗೇ ಹೊರಬಂತು.

"ಅಮ್ಮ, ನಾನು ಎತ್ತಿದ್ದೀನಿ ಅವನನ್ನ. ದಿನಾ ಎತ್ತಿದ್ದೀನಿ. ಅಷ್ಟಿರಲಿಲ್ಲ ಅಮ್ಮ ಅವನು. ಏನೂ ಇರಲಿಲ್ಲ ಅವನಲ್ಲಿ."

ಅಮ್ಮ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದಳು. ಅಮ್ಮ ಮಗಳ ಮುಖವನ್ನು ನೋಡಿದಳು, ಸೆರಗಿನಿಂದ ಅವಳ ಮೂಗು ಒರೆಸಿದಳು.

"ನೀನು ಎತ್ತಿದ್ದು ಬಾಗಿಲಿಂದ ಹಾಸಿಗೆಗೆ ಕಣೇ. ದಾರಿ ಪೂರ್ತಿ ಅವನು ಮಲಗಿದ್ದು ನನ್ನ ತೊಡೆ ಮೇಲೆ. ನನಗೆ ಗೊತ್ತಿಲ್ವಾ?"

ಅವಳು ಮೇಸ್ತ್ರಿಯ ಕಡೆ ತಿರುಗಿ, ತಾನು ಕೂರುವ ಬದಿಯ ಬಾಗಿಲು ತೆರೆಸಿ, ಸೀಟಿನಲ್ಲಿ ಕೂತು, ಕಾಲು ಮುಂದಕ್ಕೆ ಚಾಚಿ ಅಣಿಯಾದಳು. "ಆ ಚೀಲ ತಗೊಂಡು ಬಾಪ್ಪಾ. ಅವತ್ತಿಂದು, ದೊಡ್ಡದು."

"ಭಾರ ಇದೆ ತಾಯಿ, ಸೊಂಟ..."

"ಮಗನ ಭಾರಕ್ಕೆ ಯಾವ ತಾಯಿ ಸೊಂಟ ಮುರಿದಿದೆ? ತಾ."

ಮೇಸ್ತ್ರಿ ಚೀಲವನ್ನು ಸೀಟಿನ ಮೇಲೆ ಮಲಗಿಸಿ, ಅದರ ತಲೆಯ ಭಾಗವನ್ನು ಮಾತ್ರ ಮೆಲ್ಲನೆ ಅವಳ ತೊಡೆಗೆ ಆನಿಸಿದ. ಅಮ್ಮ ಅದರ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಅಲ್ಲ ಎಂದು ತಲೆಯಾಡಿಸಿದಳು. ಬಾಯಿಯ ದಾರ ಬಿಚ್ಚಿದಳು. ಒಳಗೆ ಕೈ ಹಾಕಿ ಒಂದು ಹಿಡಿ ಮರಳು ತೆಗೆದು, ತೆರೆದ ಬಾಗಿಲಿನಿಂದ ಹೊರಗೆ ಸುರಿದಳು. ಇನ್ನೊಂದು ಹಿಡಿ. ಮತ್ತೊಂದು.

ಗ್ಯಾರೇಜಿನಲ್ಲಿ ಬೇರೆ ಸದ್ದಿರಲಿಲ್ಲ. ಮರಳು ನೆಲಕ್ಕೆ ಬೀಳುವ ಸದ್ದು, ಅಮ್ಮನ ಬಳೆಯ ಸದ್ದು, ಅಷ್ಟೇ. ನಡುನಡುವೆ ಅವಳು ನಿಲ್ಲಿಸಿ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡು ಕಾದು ನೋಡುವಳು. ಕೈ ಮತ್ತೆ ಒಳಗೆ ಹೋಗುವುದು. ಒಬ್ಬ ಆರೋಗ್ಯವಂತ ಗಂಡಸು ಹಿಡಿ ಹಿಡಿಯಾಗಿ ಕರಗಿದ್ದನ್ನು ಅಕ್ಕ ಒಂದು ಸಲ ಕಂಡಿದ್ದಳು. ಈಗ ಅದನ್ನು ಎರಡನೆಯ ಸಲ ನಿಂತು ನೋಡಿದಳು. ನೋಡಲಾಗದೆ ಒಂದು ಹೆಜ್ಜೆ ಮುಂದಿಟ್ಟಾಗ ಮೇಸ್ತ್ರಿ ಕೈ ಅಡ್ಡ ಹಿಡಿದು ತಡೆದ. ಅಮ್ಮ ಬಾಗಿಲ ಕೆಳಗೆ ಬಿಟ್ಟಿದ್ದ ಚಪ್ಪಲಿಯನ್ನು ಮರಳು ಮುಚ್ಚಿತು. ಚೀಲ ಸೊರಗಿ, ಮೇಲಿನ ಅರ್ಧ ಮಡಿಚಿಕೊಂಡು ಬಿತ್ತು. ಆಗ ಅಮ್ಮನ ಕೈ ನಿಂತಿತು.

ಅವಳು ಚೀಲವನ್ನು ಪೂರ್ತಿಯಾಗಿ ತೊಡೆಯ ಮೇಲೆ ಎಳೆದುಕೊಂಡಳು.

"ಇಷ್ಟೇ," ಎಂದಳು. "ಇಷ್ಟೇ ಇದ್ದ ನನ್ನ ಕಂದ."

ಆಮೇಲೆ ಅತ್ತಳು. ಮಗ ಹೋದ ದಿನವೂ ಅಳದವಳು, ಮರಳಿನ ಚೀಲದ ಮೇಲೆ ಬಗ್ಗಿ, ಗ್ಯಾರೇಜಿನ ತಗಡು ಮಾಡು ಮಾರ್ದನಿಸುವ ಹಾಗೆ ಅತ್ತಳು. ಅಕ್ಕ ಮರಳಿನಲ್ಲೇ ಮಂಡಿಯೂರಿ ಅವಳ ಕಾಲು ಹಿಡಿದುಕೊಂಡಳು. ಮೇಸ್ತ್ರಿ ಗೋಡೆಯ ಕಡೆ ತಿರುಗಿ, ಒರೆಸಿದ ಸ್ಪ್ಯಾನರನ್ನೇ ಒರೆಸಿದ.

ಅಳು ಇಳಿದ ಮೇಲೆ ಅಮ್ಮ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. "ಮೇಸ್ತ್ರಿ, ಇವನ ಭಾರವನ್ನ ನನ್ನ ಸೀಟಿಗೆ ಸೇರಿಸ್ಕೋಪ್ಪಾ. ಆ ಸೀಟು ಖಾಲಿ. ಅಲ್ಲಿ ಯಾರೂ ಇಲ್ಲ."

ಮೇಸ್ತ್ರಿ ಚೀಲವನ್ನು ಎತ್ತಿ ಕೆಳಗಿಟ್ಟ. ಎತ್ತಿದಾಗ ಒಂದು ಗಳಿಗೆ ಅವನ ಕೈ ತೂಗಿ ನೋಡಿತು, ಅವನ ಕಣ್ಣು ಅಕ್ಕನ ಕಣ್ಣನ್ನು ಹುಡುಕಿತು. ತೂಕದ ಯಂತ್ರ ಪಕ್ಕದಲ್ಲೇ ಇತ್ತು. ಅದರ ಮೇಲೆ ಇಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಅವನು ಬಗ್ಗಿ ಡ್ರೈವರ್ ಹಿಂದಿನ ಮೂಲೆಗೆ ಬೆರಳಿಟ್ಟ. ಎರಡು ಬೆರಳು ಸಲೀಸಾಗಿ ಹೋದವು. ಅಕ್ಕನೂ ಇಟ್ಟು ನೋಡಿದಳು. ಅಷ್ಟು ತಿಂಗಳಿಂದ ತಗ್ಗಿದ್ದ ಮೂಲೆ ಎದ್ದಿತ್ತು.

ಆ ಸಂಜೆ ಅವನು ಮೆತ್ತನೆಯ ಜೊತೆಯನ್ನು ಹಾಕಿದ. ಅಮ್ಮನ ಬದಿಯ ಸ್ಪ್ರಿಂಗಿನ ಕೆಳಗೆ ಒಂದು ರಬ್ಬರ್ ಬಿಲ್ಲೆ ಹೆಚ್ಚಿಗೆ ಇಟ್ಟ, ಭಾರ ಒಂದೇ ಕಡೆ ಎಂದು. ಗಾಡಿ ತಮ್ಮ ಕೇಳಿದಷ್ಟೇ ತಗ್ಗಿ ನಿಂತಿತು. ತನ್ನ ಗುಂಡಿಯಲ್ಲಿ ಅದನ್ನು ಇಳಿಸಿ ಹತ್ತಿಸಿದಾಗ ಡಿಕ್ಕಿಯ ಮೇಲೆ ಇಟ್ಟಿದ್ದ ನೀರಿನ ಲೋಟ ತುಳುಕಲಿಲ್ಲ.

ವ್ಯಾಯಾಮದ ದಿನ ಬಂತು. ಅಮ್ಮ ತಾನಾಗಿಯೇ ಹತ್ತಿ, ಬೆಲ್ಟ್ ಹಾಕಿಕೊಂಡು ಹಿಂದಕ್ಕೆ ಒರಗಿದಳು. ಪಕ್ಕದ ಸೀಟಿನ ಬೆಲ್ಟನ್ನು ಮುಟ್ಟಲಿಲ್ಲ. ಆಸ್ಪತ್ರೆಯ ಗೋಡೆಯ ಪಕ್ಕದ ರಸ್ತೆಗೆ ತಿರುಗಿದಾಗ ಅಕ್ಕನ ಕಿವಿ ತಾನಾಗಿಯೇ ನಿಮಿರಿತು. ಟಿಣ್ ಸದ್ದು ಬರಲಿಲ್ಲ. ರಸ್ತೆಯ ಕಲ್ಲುಗಳು ಚಕ್ರದ ಕೆಳಗೇ ಉಳಿದವು, ಒಳಗೆ ಒಂದೂ ಹತ್ತಲಿಲ್ಲ.

ಅವಳು ಕನ್ನಡಿಯಲ್ಲಿ ನೋಡಿದಳು. ಅಮ್ಮ ನಿದ್ದೆ ಹೋಗಿದ್ದಳು. ಎಷ್ಟು ತಿಂಗಳಾಗಿತ್ತೋ ಅಮ್ಮನ ಮುಖವನ್ನು ಹಾಗೆ ಸಡಿಲವಾಗಿ ನೋಡಿ. ತಲೆ ಕಿಟಕಿಗೆ ವಾಲಿತ್ತು, ಬಾಯಿ ಕೊಂಚ ತೆರೆದಿತ್ತು. ಆದರೆ ಒಂದು ಕೈ ನಿದ್ದೆ ಮಾಡುತ್ತಿರಲಿಲ್ಲ. ಅದು ತೊಡೆಯ ಮೇಲೆ, ಯಾವುದನ್ನೋ ಮೃದುವಾಗಿ ತಟ್ಟುತ್ತಿತ್ತು. ತೊಡೆಯಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ, ತಲೆಯೊಂದು ಇದ್ದರೆ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟು ಎತ್ತರದಲ್ಲಿ ತಟ್ಟುತ್ತಿತ್ತು.

ಹಂಪ್ ಬಂತು. ಅಕ್ಕ ಗಾಡಿಯನ್ನು ನಿಲ್ಲಿಸಿಯೇಬಿಟ್ಟಳು ಎನ್ನುವಷ್ಟು ನಿಧಾನ ಮಾಡಿದಳು. ಹಿಂದಿನ ಲಾರಿಯವನು ಹಾರನ್ ಒತ್ತಿದ, ಬಿಡದೆ ಒತ್ತಿದ, ಪಕ್ಕಕ್ಕೆ ಬಂದು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಮ್ಮಾ, ರಸ್ತೆ ನಿಮ್ಮಪ್ಪಂದಾ?" ಎಂದು ಕೂಗಿದ.

ಅಕ್ಕ ಗಾಜು ಇಳಿಸಿದಳು. ತುಟಿಯ ಮೇಲೆ ಬೆರಳಿಟ್ಟು, ಹಿಂದಿನ ಸೀಟಿನ ಕಡೆ ಕಣ್ಣಿನಲ್ಲೇ ತೋರಿಸಿದಳು.

"ಸ್ವಲ್ಪ ತಾಳಣ್ಣ," ಎಂದಳು. "ಈಗಷ್ಟೇ ನಿದ್ದೆ ಹತ್ತಿದೆ."

ಲಾರಿಯವನು ಎತ್ತರದಿಂದ ಬಗ್ಗಿ ಹಿಂದಿನ ಸೀಟನ್ನು ನೋಡಿದ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಆಮೇಲೆ ಹಾರನ್ನಿನಿಂದ ಕೈ ತೆಗೆದು, "ಇಬ್ರೂ ಮಲ್ಗಿದಾರೆ, ಹೋಗಮ್ಮಾ, ನಿಧಾನ ಹೋಗು," ಎಂದ.